ಜರ್ಮನಿಗೆ ಹೋಗಿ ವಾಪಸ್ ಬಂದ ಸೀರೆ

ನಮ್ಮದು ಬಾಗಲಕೋಟೆ ಜಿಲ್ಲೆಯ ಇಳಕಲ್. ಮನೆಯವರು ಮಗ್ಗದಲ್ಲಿ ಕೂರುತ್ತಾರೆ, ನಾನು ಇನ್‌ಸ್ಟಾಗ್ರಾಮ್‌ನಲ್ಲಿ ಮಾರುತ್ತೇನೆ. ಹೊರದೇಶಕ್ಕೆ ಕಳಿಸಿದ ಮೊದಲ ಸೀರೆ ಎರಡು ತಿಂಗಳಿಗೆ ನಮ್ಮ ಬಾಗಿಲಿಗೇ ವಾಪಸ್ ಬಂತು.

ತಪ್ಪು ನನ್ನದೇ. "ಗಿಫ್ಟ್ ಅಂತ ಬರೀರಿ ಅಕ್ಕಾರ, ಟ್ಯಾಕ್ಸ್ ಬೀಳಂಗಿಲ್ಲ" ಅಂತ ಪರಿಚಯದವರೊಬ್ಬರು ಹೇಳಿದರು. ಬರೆದೆ. ಪೊಟ್ಟಣದೊಳಗೆ ಮಾತ್ರ ನನ್ನದೇ ಬಿಲ್ ಇಟ್ಟಿದ್ದೆ! ಯುರೋಪಿಯನ್ ಒಕ್ಕೂಟದಲ್ಲಿ ಉಡುಗೊರೆಗೆ ಮಾಫಿ ಇರುವುದು 45 ಯುರೋವರೆಗೆ, ಅದೂ ದುಡ್ಡು ತಗೊಳ್ಳದೆ ಕೊಟ್ಟರೆ. 22 ಯುರೋ ಒಳಗಿನ ಸಾಮಾನಿಗೆ ಇದ್ದ ವ್ಯಾಟ್ ವಿನಾಯಿತಿಯೂ 2021ರ ಜುಲೈ 1ಕ್ಕೆ ಹೋಗಿತ್ತು. ಜರ್ಮನಿಯ ವ್ಯಾಟ್ 19%, ಅದನ್ನು ಗಿರಾಕಿಯೇ ಕಟ್ಟಬೇಕಿತ್ತು. "ಮೊದಲೇ ಹೇಳಬೇಕಿತ್ತಲ್ವಾ?" ಅಂದ ಗಿರಾಕಿ ಪಾರ್ಸೆಲ್ ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಎಲ್ಲಾ ಸರಿಯಾಗಿ ಮಾಡಿಸಿದೆ. ವಿದೇಶ ವ್ಯಾಪಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಚೇರಿ ಡಿಜಿಎಫ್‌ಟಿಯ ವೆಬ್‌ಸೈಟ್‌ನಲ್ಲಿ 500 ರೂಪಾಯಿ ಕಟ್ಟಿ, ಆಮದು-ರಫ್ತಿಗೆ ಬೇಕಾದ ಐಇಸಿ ನಂಬರ್ ತಗೊಂಡೆ. ಏನೂ ಬದಲಾಗದಿದ್ದರೂ ವರ್ಷಾ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಖಚಿತಪಡಿಸಬೇಕು, ಇಲ್ಲದಿದ್ದರೆ ನಂಬರ್ ನಿಂತುಹೋಗುತ್ತದೆ. ಜಿಎಸ್‌ಟಿಯಲ್ಲಿ ಎಲ್‌ಯುಟಿ, ಅಂದರೆ ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ ಹಾಕಿದೆ. ರಫ್ತು ಬಿಲ್ಲನ್ನು ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರದ ಪೋರ್ಟಲ್‌ನಲ್ಲಿ ಮನೆಯಿಂದಲೇ ತುಂಬುತ್ತೇನೆ.

ತಲೆ ಕೆಡಿಸಿದ್ದು ಎಚ್‌ಎಸ್ ಕೋಡ್, ಅಂದರೆ ಸಾಮಾನು ಯಾವ ಬಗೆಯದು ಅಂತ ಕಸ್ಟಮ್ಸ್‌ಗೆ ಹೇಳುವ ಸಂಖ್ಯೆ. ಸುಮ್ನೆ 'ಸೀರೆ' ಅಂತ ಬರೆದರೆ ನಡೆಯುವುದಿಲ್ಲ. ನಮ್ಮ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ, ಎರಡನ್ನೂ ಕೊಂಡಿ ಹಾಕಿ ಜೋಡಿಸಿರುತ್ತೇವೆ. ಹಾಗಾದರೆ ಆ ಕೋಡ್ ಪಟ್ಟಿಯಲ್ಲಿ ಇದು ಹತ್ತಿಯ 52ನೇ ಅಧ್ಯಾಯವೋ, ರೇಷ್ಮೆಯ 50ನೆಯದೋ? ಯಾವ ನೂಲಿನ ತೂಕ ಜಾಸ್ತಿಯೋ ಅದರ ಲೆಕ್ಕ. ಮನೆಯವರು ಒಂದು ಸೀರೆಗೆ ಬೇಕಾಗುವ ಹತ್ತಿ, ರೇಷ್ಮೆ ಬೇರೆ ಬೇರೆ ತಕ್ಕಡಿಗೆ ಹಾಕಿದರು. ಹತ್ತಿಯ ತಟ್ಟೆ ಕೆಳಗಿಳಿಯಿತು. "ಇಷ್ಟ ವರ್ಷ ನೇಯ್ದೀನಿ, ಇದನ್ನ ತೂಗಿ ನೋಡಿರಲಿಲ್ಲ" ಅಂತ ನಕ್ಕರು.

ಅಮೆರಿಕದ್ದು ಬೇರೆಯೇ ಕಥೆ. 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಇದ್ದ ಸುಂಕದ ಮಾಫಿ 2025ರ ಆಗಸ್ಟ್ 29ಕ್ಕೆ ಮುಗಿಯಿತು. ಅದಕ್ಕೂ ನಾಲ್ಕು ದಿನ ಮೊದಲೇ ನಮ್ಮ ಅಂಚೆಯವರು ಅಲ್ಲಿಗೆ ಬುಕ್ಕಿಂಗ್ ನಿಲ್ಲಿಸಿದ್ದರು. ದಸರಾಕ್ಕೆ ಬೇಕು ಅಂದಿದ್ದ ನಾಲ್ಕು ಸೀರೆ ಟ್ರಂಕಿನಲ್ಲೇ ಉಳಿದವು. ಅಕ್ಟೋಬರ್ 15ಕ್ಕೆ ಮತ್ತೆ ಶುರುವಾದಾಗ ಬೆಲೆಯ ಮೇಲೆ 50% ಸುಂಕ ಬುಕ್ಕಿಂಗ್ ವೇಳೆಯೇ ಕಟ್ಟಬೇಕಾಯಿತು. ನಾಲ್ವರಲ್ಲಿ ಒಬ್ಬರಷ್ಟೇ ಹೂಂ ಅಂದರು.

ಈಗ ದುಡ್ಡು ತಗೊಳ್ಳುವ ಮುಂಚೆ ಎಲ್ಲರಿಗೂ ಒಂದು ಮೆಸೇಜ್ ಕಳಿಸುತ್ತೇನೆ: ಸೀರೆ ಇಷ್ಟು, ಅಂಚೆ ಇಷ್ಟು, ನಿಮ್ಮ ದೇಶದ ಟ್ಯಾಕ್ಸ್ ನಿಮ್ಮದು. ಕೆಲವರು ಅಲ್ಲಿಗೇ ಮಾತು ಬಿಡುತ್ತಾರೆ. ವಾಪಸ್ ಬಂದ ಆ ಸೀರೆಯನ್ನು ನಾದಿನಿಯ ಕುಬಸಕ್ಕೆ ಕೊಟ್ಟೆ. ಮನೆಯಲ್ಲಿ ಅದಕ್ಕೆ ಇವತ್ತಿಗೂ 'ಜರ್ಮನಿ ಸೀರಿ' ಅಂತಲೇ ಹೆಸರು.