ನಡುಮಧ್ಯಾಹ್ನ ಸಂಜೆ, ಹಗಲಲ್ಲೇ ಬೆಳದಿಂಗಳು

ಅಣ್ಣಿಗೇರಿ ಕಡೆಯ ಒಂದು ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಕಿರುಚಿತ್ರಕ್ಕಾಗಿ ಸಂಜೆಯ ದೃಶ್ಯ ತೆಗೆಯುತ್ತಿದ್ದೆವು. ಮೇ ತಿಂಗಳ ಮೊದಲ ವಾರ, ಹೊತ್ತು ಮಧ್ಯಾಹ್ನ ಒಂದು. ಲೆನ್ಸಿಗೆ ಕಿತ್ತಳೆ ಬಣ್ಣದ ಜಿಲೆಟಿನ್ ಕಾಗದ ಕಟ್ಟಿದ್ದರಿಂದ ಮಾನಿಟರಿನಲ್ಲಿ ಎಲ್ಲವೂ ಹೊಂಬಣ್ಣ. ಬದುವಿನ ಮೇಲೆ ಕೂತಿದ್ದ ಹೊಲದ ಅಜ್ಜಾರು ಕೇಳಿದರು: ‘ತಮ್ಮಾ, ನೆಳ್ಳು ಕಾಲಬುಡಕ್ಕ ಐತಿ, ಇದ್ಯಾವ ಸಂಜಿ?’ ಆ ದಿನದ ಕೆಲಸ ಅಲ್ಲಿಗೇ ನಿಲ್ಲಿಸಿದೆವು. ಲೈಟು, ಜನರೇಟರ್ ಬಾಡಿಗೆಗೆ ದುಡ್ಡಿಲ್ಲದ ತಂಡ ಬಣ್ಣಕ್ಕಿಂತ ಮೊದಲು ನೆರಳಿನ ಲೆಕ್ಕ ಹಾಕಬೇಕು.

ಮೊದಲು ತಿಂಗಳು, ಆಮೇಲೆ ಗಂಟೆ

ಹುಬ್ಬಳ್ಳಿ-ಧಾರವಾಡ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹೀಗಾಗಿ ಮೇ ಆರಂಭದಲ್ಲಿ ಮತ್ತು ಆಗಸ್ಟ್ ನಡುವಿಗೆ ಸೂರ್ಯ ನೆತ್ತಿಯ ಮೇಲೆಯೇ ಹಾಯುತ್ತಾನೆ. ಅದೂ 12ಕ್ಕಲ್ಲ, 12.30ರ ಆಸುಪಾಸಿಗೆ, ನಮ್ಮ ಗಡಿಯಾರ ತೋರಿಸುವುದು ಇಲ್ಲಿಂದ ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ ಸಮಯ. ಆ ದಿನಗಳಲ್ಲಿ ಬೆಳಿಗ್ಗೆ 9.30ರಿಂದ ಮಧ್ಯಾಹ್ನ 3.30ರವರೆಗೆ ನೆರಳು ಆಳಿಗಿಂತ ಗಿಡ್ಡ. ಡಿಸೆಂಬರಿನಲ್ಲಾದರೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನಡುಮಧ್ಯಾಹ್ನವೂ ನೆರಳು ಆಳಿನ ಮುಕ್ಕಾಲು ಪಾಲಿಗಿಂತ ಉದ್ದ ಬೀಳುತ್ತದೆ. ಕಡಿಮೆ ದುಡ್ಡಿನ ಹೊರಾಂಗಣ ಚಿತ್ರೀಕರಣಕ್ಕೆ ನಾನು ಡಿಸೆಂಬರ್–ಜನವರಿ ಬಿಟ್ಟು ಬೇರೆ ತಿಂಗಳು ಹೇಳಲಾರೆ.

ಸಂಜೆ ಬೇಕಾದರೆ

ಅನಿವಾರ್ಯವಾಗಿ ನಡುಹಗಲಲ್ಲೇ ತೆಗೆಯಬೇಕಾದರೆ ನೆಲವನ್ನೂ ಕಾಲನ್ನೂ ಚೌಕಟ್ಟಿನಿಂದ ಹೊರಗಿಡಿ. ಪಾತ್ರಗಳನ್ನು ಬೇವಿನ ಮರದ ಕೆಳಗೋ ಗೋಡೆಯ ಮರೆಗೋ ತನ್ನಿ. ಮೇಲಿನಿಂದ ಬೀಳುವ ಬಿಸಿಲಿಗೆ ಕರಿ ಕಂಬಳಿ ಅಡ್ಡ ಹಿಡಿದು, ಪಕ್ಕದಿಂದ ಎದೆಮಟ್ಟದಲ್ಲಿ ಥರ್ಮಾಕೋಲಿನಿಂದ ಬೆಳಕು ತಿರುಗಿಸಿ. ಥರ್ಮಾಕೋಲಿಗೆ ಬಂಗಾರದ ಬಣ್ಣದ ಕಾಗದ ಅಂಟಿಸಿದರೆ ಮುಖದ ಒಂದು ಮಗ್ಗುಲು ಬೆಚ್ಚಗಾಗುತ್ತದೆ. ಕ್ಯಾಮೆರಾದಲ್ಲಿ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಹಗಲ ಬೆಳಕಿಗೆ 5,600 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಇಡುತ್ತಾರೆ, ಅದನ್ನು 7,000ಕ್ಕೆ ಏರಿಸಿದರೆ ಚಿತ್ರ ಬೆಚ್ಚಗಾಗುತ್ತದೆ, ಅಷ್ಟು ಸಾಕು, ಜಿಲೆಟಿನ್ ಬೇಡ.

ಮಣ್ಣನ್ನೂ ನೋಡಿಕೊಳ್ಳಿ. ಮಸಾರಿ (ಕೆಂಪು ಮಣ್ಣಿನ) ನೆಲ ಬೆಳಕನ್ನು ಕೆಂಪಾಗಿ ಮೇಲಕ್ಕೆಸೆಯುತ್ತದೆ, ಸಂಜೆಗೆ ಅದು ಪುಕ್ಕಟೆ ಸಿಗುವ ಲೈಟು. ನವಲಗುಂದ, ನರಗುಂದ ಕಡೆಯ ಎರಿ ನೆಲ ಬೆಳಕನ್ನು ನುಂಗುತ್ತದೆ. ಅದನ್ನು ರಾತ್ರಿಗೆ ಉಳಿಸಿಕೊಳ್ಳಿ.

ನಸುಕು

ಕಲಾವಿದರನ್ನು ನಸುಕಿನ ನಾಲ್ಕಕ್ಕೆ ಕರೆತರುವುದು ಕಷ್ಟ. ಸಂಜೆಯ ಬೆಳಕಿನಲ್ಲೇ ನಸುಕು ತೆಗೆಯಿರಿ, ತೆರೆಯ ಮೇಲೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ತಿಳಿಯುವುದು ಜನ ಮಾಡುವ ಕೆಲಸದಿಂದ: ಅಂಗಳಕ್ಕೆ ನೀರು ಚಿಮುಕಿಸುವುದು, ರಂಗೋಲಿ, ಹಾಲಿನ ಕ್ಯಾನು, ಹೊಲದತ್ತ ಹೊರಟ ಎತ್ತು. ಹುಲ್ಲಿನ ಮೇಲೆ ಸ್ಪ್ರೇ ಬಾಟಲಿಯಿಂದ ನೀರು ಸಿಂಪಡಿಸಿದರೆ ಇಬ್ಬನಿ. ಒಂದೇ ಎಚ್ಚರ: ಉಣಕಲ್ ಕೆರೆಯಂಥ ಎಲ್ಲರೂ ಬಲ್ಲ ಜಾಗದಲ್ಲಿ ಸೂರ್ಯ ಪಶ್ಚಿಮದಿಂದ ಹುಟ್ಟಿದರೆ ಹುಬ್ಬಳ್ಳಿಯವರು ಆ ಕ್ಷಣವೇ ಹಿಡಿಯುತ್ತಾರೆ.

ಹಗಲಲ್ಲಿ ರಾತ್ರಿ

ಎಲ್ಲಕ್ಕಿಂತ ಹೆಚ್ಚು ಕೆಡುವುದು ಇದು. ನೀಲಿ ಬಳಿದರೆ ರಾತ್ರಿಯಾಯಿತೆಂದು ಹಲವರು ತಿಳಿದಿದ್ದಾರೆ. ಬೆಳದಿಂಗಳು ಚಂದ್ರನಿಂದ ತಿರುಗಿ ಬಂದ ಸೂರ್ಯನದೇ ಬೆಳಕು, ಅದೇನೂ ನೀಲಿ ಬೆಳಕಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸುವ ಶಕ್ತಿ ಕಳೆದುಕೊಳ್ಳುತ್ತದೆ, ಕೆಂಪನ್ನು ಎಲ್ಲಕ್ಕಿಂತ ಮೊದಲು. ಅದಕ್ಕೇ ರಾತ್ರಿ ತಣ್ಣಗೆ ಕಾಣುತ್ತದೆ. ಆದ್ದರಿಂದ ವೈಟ್ ಬ್ಯಾಲೆನ್ಸ್ 4,000ದ ಹತ್ತಿರ ಇಟ್ಟು, ಎಡಿಟಿಂಗಿನಲ್ಲಿ ಬಣ್ಣಗಳ ಗಾಢತೆಯನ್ನೇ ಇಳಿಸಿ. 3,200 ನನಗೆ ಅತಿಯೆನಿಸುತ್ತದೆ, ಮುಖಗಳು ಶಾಯಿ ಬಳಿದಂತಾಗುತ್ತವೆ.

ಸೂರ್ಯ ಪಾತ್ರಗಳ ಬೆನ್ನಿಗಿರಲಿ. ತಲೆ, ಭುಜದ ಅಂಚಿಗೆ ಬೀಳುವ ಆ ಗೆರೆಯೇ ನಿಮ್ಮ ಬೆಳದಿಂಗಳು. ಎಕ್ಸ್‌ಪೋಶರ್ ಎರಡು ಸ್ಟಾಪ್ ಇಳಿಸಿ, ಅಂದರೆ ಕಾಲುಭಾಗ ಬೆಳಕು ಮಾತ್ರ. ಮೊಬೈಲಿನಲ್ಲಾದರೆ ಪ್ರೊ ಮೋಡಿನಲ್ಲಿ ಅದನ್ನು ಲಾಕ್ ಮಾಡದೆ ಬಿಡಬೇಡಿ, ಇಲ್ಲದಿದ್ದರೆ ಅದು ತಾನೇ ಹಗಲು ಮಾಡಿಬಿಡುತ್ತದೆ. ಆಕಾಶದ ಒಂದು ಚೂರೂ ಕಾಣಬಾರದು. ಗದಗ ಸೀಮೆಯ ಮಾಳಿಗೆ ಮನೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ: ಕ್ಯಾಮೆರಾ ಮಾಳಿಗೆಯ ಮೇಲಿಟ್ಟು ಅಂಗಳಕ್ಕೆ ಬಗ್ಗಿಸಿ.

ಬಟ್ಟೆಯ ಬಗ್ಗೆ ಮೊದಲೇ ಯೋಚಿಸಿ. ಹೊಸ ಬಿಳಿ ಧೋತರ, ಟೊಪ್ಪಿಗೆ ಬಿಸಿಲಲ್ಲಿ ಟ್ಯೂಬ್‌ಲೈಟಿನಂತೆ ಹೊಳೆದು ರಾತ್ರಿಯನ್ನು ಕೊಲ್ಲುತ್ತವೆ. ಚಹಾದ ನೀರಿನಲ್ಲಿ ಅದ್ದಿ ಒಣಗಿಸಿದರೆ ಬಿಳುಪು ತಗ್ಗುತ್ತದೆ. ಇಳಕಲ್ ಸೀರೆಯ ಕೆಂಪು ಸೆರಗು ಕಪ್ಪಿಗೆ ತಿರುಗಬೇಕು, ಹಾಗೆ ತಿರುಗಿದರೆ ದೃಶ್ಯ ಸರಿಯಾಗಿದೆ ಎಂದೇ ಅರ್ಥ.

ದೃಶ್ಯದಲ್ಲಿ ಕಂದೀಲೋ ಕಿಟಕಿಯ ಬಲ್ಬೋ ಇದ್ದರೆ ಈ ಉಪಾಯ ನಡೆಯುವುದಿಲ್ಲ, ಹಗಲಿನ ಬೆಳಕಿನ ಮುಂದೆ ಅದು ಸೋಲುತ್ತದೆ. ಅಂಥ ಶಾಟುಗಳನ್ನು ಸೂರ್ಯ ಮುಳುಗಿದ ಮೇಲಿನ 20 ನಿಮಿಷಕ್ಕೆ ಕಾದಿರಿಸಿ. ನಮ್ಮಲ್ಲಿ ಕತ್ತಲು ಬೇಗ ಇಳಿಯುತ್ತದೆ. ಐದಕ್ಕೇ ತಾಲೀಮು ಮುಗಿಸಿ, ಕ್ಯಾಮೆರಾ ಜಾಗ ಗುರುತು ಮಾಡಿ, ಎರಡು ಶಾಟಿಗಿಂತ ಹೆಚ್ಚು ಆಸೆಪಡಬೇಡಿ.

ಎಲ್ಲರೂ ಟೆಂಪೋ ಹತ್ತಿದ ಮೇಲೆ ಒಬ್ಬರು ಕತ್ತಲಾಗುವತನಕ ಅಲ್ಲೇ ಉಳಿದು, ಜೀರುಂಡೆ, ದೂರದ ನಾಯಿ, ಬೀಸುವ ಗಾಳಿ ಎಲ್ಲ ಸೇರಿ ಐದು ನಿಮಿಷದ ಸದ್ದು ರೆಕಾರ್ಡ್ ಮಾಡಿಕೊಂಡು ಬರಲಿ.