ಮಸೂದೆ ಬಂದಾಗ ಶಾಸಕರ ಮುಂದೆ ಏನಿಡಬೇಕು?

ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವವರ ಕುರಿತ ಮಸೂದೆ ಕೈಗೆ ಬಂದರೆ ಮೊದಲು ಕ್ರಿಯಾಪದಗಳನ್ನು ನೋಡಿ. ‘ಒದಗಿಸತಕ್ಕದ್ದು’ ಎಂದಿದ್ದರೆ ಅದು ಸರ್ಕಾರದ ಹೊಣೆ. ‘ಒದಗಿಸಬಹುದು’ ಎಂದಿದ್ದರೆ ಅಧಿಕಾರಿಯ ಮರ್ಜಿ. ಆಮೇಲೆ ನಾಲ್ಕು ಪ್ರಶ್ನೆ: ಯಾರು ಮಾಡಬೇಕು, ಎಷ್ಟು ದಿನದೊಳಗೆ, ಹಣ ಎಲ್ಲಿಂದ, ಮಾಡದಿದ್ದರೆ ಮೇಲ್ಮನವಿ ಯಾರಿಗೆ? ಹಣದ ಮಾತೇ ಇಲ್ಲದ ಕಾನೂನು ಕಾಗದದಲ್ಲೇ ಉಳಿಯುತ್ತದೆ.

ಮನವಿ ಒಂದೇ ಪುಟದಲ್ಲಿರಲಿ. ಕಲಂ ಸಂಖ್ಯೆ, ಅದರಲ್ಲಿರುವ ಪದಗಳು, ಅವುಗಳ ಜಾಗದಲ್ಲಿ ಬರಬೇಕಾದ ಪದಗಳು, ಕಾರಣ ಎರಡು ಸಾಲು. ಒಂದು ಭೇಟಿಗೆ ಒಂದೇ ಬೇಡಿಕೆ. ಹತ್ತು ಕೇಳಿದರೆ ಸಿಗುವುದು ‘ನೋಡೋಣ’ ಮಾತ್ರ. ಮಸೂದೆ ಸದನ ಸಮಿತಿಯ ಮುಂದಿರುವಾಗಲೇ ಹೋಗಿ. ಸಮಿತಿಯ ವರದಿ ಸಲ್ಲಿಕೆಯಾದ ಮೇಲೆ ತಿದ್ದುಪಡಿ ತರಿಸುವುದು ಬಲು ಕಷ್ಟ.

ಪೋಷಕರು, ವೈದ್ಯರು ಮಾತ್ರ ಮಾತಾಡಿ ಬರುವುದು ಸಾಮಾನ್ಯ ತಪ್ಪು. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 4ನೇ ವಿಧಿ, ಕಾನೂನು ರೂಪಿಸುವಾಗ ಅಂಗವಿಕಲರೊಂದಿಗೇ ಸಮಾಲೋಚಿಸಬೇಕು ಎನ್ನುತ್ತದೆ. ನಿಮ್ಮ ದೇಶ ಅದನ್ನು ಒಪ್ಪಿದ್ದರೆ ಮನವಿಯಲ್ಲಿ ಉಲ್ಲೇಖಿಸಿ. ಭೇಟಿಗೆ ಬರುವ ಅಂಗವಿಕಲರಿಗಾಗಿ ಮಸೂದೆಯ ಸರಳ ಪ್ರತಿ ಸಿದ್ಧಪಡಿಸಿ: ವಾಕ್ಯಕ್ಕೊಂದೇ ವಿಚಾರ, ದೊಡ್ಡ ಅಕ್ಷರ, ಪಕ್ಕದಲ್ಲಿ ಚಿತ್ರ. ಅವರಲ್ಲಿ ಚಿತ್ರಫಲಕದ ಚಿತ್ರಗಳನ್ನು ತೋರಿಸಿ ತಮ್ಮ ಮಾತು ತಿಳಿಸುವವರಿದ್ದರೆ ಹೆಚ್ಚು ಸಮಯವನ್ನು ಮುಂಚೆಯೇ ಕೇಳಿಟ್ಟುಕೊಳ್ಳಿ, ಪಕ್ಕದಲ್ಲಿದ್ದವರು ಅವರ ವಾಕ್ಯ ಮುಗಿಸಬಾರದು (ಒಳ್ಳೆಯ ಮನಸ್ಸಿನವರೇ ಇದನ್ನು ಹೆಚ್ಚು ಮಾಡುವುದು).

ಶಾಸಕರು ಒಪ್ಪಿದ್ದನ್ನು ಎರಡು ದಿನದೊಳಗೆ ಪತ್ರದಲ್ಲಿ ಬರೆದು ಕಳಿಸಿ. ಮಸೂದೆ ಅಂಗೀಕಾರವಾದರೂ ಕೆಲಸ ಬಿಡಬೇಡಿ: ಅರ್ಹತೆ, ಪ್ರಮಾಣಪತ್ರ, ಅರ್ಜಿ ನಮೂನೆ ತೀರ್ಮಾನವಾಗುವುದು ಹೆಚ್ಚಾಗಿ ಕಾಯ್ದೆಯಡಿ ಸರ್ಕಾರ ರೂಪಿಸುವ ನಿಯಮಗಳಲ್ಲಿ. ಕರಡು ನಿಯಮ ಪ್ರಕಟವಾದ ದಿನವೇ ಆಕ್ಷೇಪಣೆಯ ಕೊನೆಯ ದಿನಾಂಕ ಗುರುತು ಹಾಕಿಕೊಳ್ಳಿ.