ಜರ್ಮನಿಯ ಹುಡುಗಿ ಮನೆಗೆ ಬರುತ್ತಾಳೆ: ಸಿದ್ಧತೆ ಹೇಗೆ?

ಶಾಲಾ ವಿನಿಮಯ ಕಾರ್ಯಕ್ರಮದಲ್ಲಿ ಜರ್ಮನಿಯ ವಿದ್ಯಾರ್ಥಿನಿಯೊಬ್ಬಳು ಮೈಸೂರಿನ ನಿಮ್ಮ ಮನೆಯಲ್ಲಿ ಎರಡು ವಾರ ಉಳಿಯಲಿದ್ದಾಳೆ ಎಂದುಕೊಳ್ಳಿ. ಹೊಸ ಪರದೆ, ಹೊಸ ಹಾಸಿಗೆ ಎಂದು ಅಂಗಡಿಗೆ ಓಡುವ ಮೊದಲು ಕಾಗದಪತ್ರದ ಕೆಲಸ ಮುಗಿಸಿ. ವಿದೇಶಿಯರು ತಂಗಿದ 24 ಗಂಟೆಯೊಳಗೆ ಆ ಮಾಹಿತಿಯನ್ನು ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ‘ಸಿ ಫಾರ್ಮ್’ ಎಂದೇ ಜನ ಕರೆಯುವ ಈ ನಿಯಮ ಹೋಟೆಲುಗಳಿಗಷ್ಟೇ ಅಲ್ಲ, ಮನೆಗಳಿಗೂ ಅನ್ವಯಿಸುತ್ತದೆ. ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿಗಳನ್ನು ಶಾಲೆಯಿಂದ ಮುಂಚೆಯೇ ಪಡೆದಿಟ್ಟುಕೊಳ್ಳಿ.

ಮುಂದಿನದು ಅಡುಗೆಮನೆ. ಎಚ್ಚರ ಹೆಚ್ಚು ಬೇಕಾದದ್ದು ಇಲ್ಲಿಯೇ. ಅಲರ್ಜಿ ಏನೇನಿದೆ ಎಂದು ಹುಡುಗಿಯ ಪೋಷಕರಿಂದ ಬರವಣಿಗೆಯಲ್ಲಿ ಕೇಳಿ. ಶೇಂಗಾ ಒಗ್ಗದಿದ್ದರೆ ಚಿತ್ರಾನ್ನ, ಪುಳಿಯೋಗರೆ, ಎಣ್ಣೆಗಾಯಿ, ಚಟ್ನಿ ಎಲ್ಲವನ್ನೂ ಅನುಮಾನದಿಂದಲೇ ನೋಡಬೇಕು. ಗೋಧಿ ಒಗ್ಗದವರಿಗೆ ಚಪಾತಿಯ ಬದಲು ಅನ್ನ ಬಡಿಸಿದರೆ ಮುಗಿಯಲಿಲ್ಲ. ಅಂಗಡಿಯಲ್ಲಿ ಸಿಗುವ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಇಲ್ಲವೇ ಮೈದಾ ಹಿಟ್ಟು ಬೆರೆತಿರುತ್ತದೆ. ಅಂದರೆ ಸಾರಿನ ಒಗ್ಗರಣೆಯೇ ಅವರಿಗೆ ತೊಂದರೆ ಕೊಟ್ಟೀತು.

ಮೊದಲೆರಡು ದಿನ ಇಡ್ಲಿ, ತೊವ್ವೆ ಅನ್ನ, ಬಾಳೆಹಣ್ಣು ಸಾಕು. ಕುದಿಸಿ ಆರಿಸಿದ ನೀರನ್ನೇ ಕೊಡಿ, ಹಲ್ಲುಜ್ಜಲು ಕೂಡ. ರಾತ್ರಿ ಬೇಗನೆ ಬ್ರೆಡ್ಡು, ಚೀಸು ತಿಂದು ಮುಗಿಸುವ ಮನೆಗಳು ಜರ್ಮನಿಯಲ್ಲಿ ಬಹಳ. ಒಂಬತ್ತೂವರೆಯ ಊಟಕ್ಕೆ ಅವಳನ್ನು ಕಾಯಿಸಬೇಡಿ. ಇನ್ನು, ಬಡಿಸುವ ಅಜ್ಜಿಯರನ್ನು ತಡೆಯುವುದು ಕಷ್ಟ, ಆದರೂ ತಡೆಯಬೇಕು. ಅವಳು ಬೇಡ ಎಂದರೆ ಬೇಡವೇ. ಅದರಲ್ಲಿ ಸಂಕೋಚ ಹುಡುಕಬೇಡಿ.

ಬಕೆಟ್ಟು, ಚೊಂಬು, ಗೀಸರ್ ಬಳಸುವುದನ್ನು ಬಂದ ದಿನವೇ ತೋರಿಸಿಬಿಡಿ. ವಿದ್ಯುತ್ ಎರಡೂ ಕಡೆ 230 ವೋಲ್ಟ್, ಹಾಗಾಗಿ ಚಾರ್ಜರ್ ಸುಡುವುದಿಲ್ಲ. ಅವರ ದಪ್ಪ ದುಂಡು ಪ್ಲಗ್‌ಗೆ ಮಾತ್ರ ಅಡಾಪ್ಟರ್ ಬೇಕಾದೀತು.

ಕೋಣೆಯ ಬಾಗಿಲು ಹಾಕಿಕೊಂಡರೆ ಮುನಿಸಿಕೊಂಡಳು ಎಂದುಕೊಳ್ಳಬೇಡಿ. ನೋಡಲು ಬರುವ ನೆಂಟರನ್ನು ಒಂದೇ ಸಂಜೆಗೆ ಸೀಮಿತಗೊಳಿಸಿ. ಅವಳನ್ನು ಕೇಳದೆ ಯಾರೂ ಫೋಟೊ ತೆಗೆಯಬಾರದು, ವಾಟ್ಸ್‌ಆ್ಯಪ್‌ಗೆ ಹಾಕಲೂಬಾರದು. ಅದರ ಬದಲು ನಿಮ್ಮ ಮಗಳಿಗೆ ಹೇಳುವ ಕೆಲಸವನ್ನೇ ಅವಳಿಗೂ ಹೇಳಿ: ಕಾಯಿ ತುರಿಯಲಿ, ರಂಗೋಲಿ ಹಾಕಲಿ.

ಬೀದಿನಾಯಿಗಳನ್ನು ಮುಟ್ಟದಂತೆ ಮೊದಲ ದಿನವೇ ಹೇಳಿ. ಹುಚ್ಚುನಾಯಿ ಕಡಿತದ ಭಯವಿಲ್ಲದ ಊರಿನಿಂದ ಬಂದ ಮಗು ನೇರ ಹೋಗಿ ತಲೆ ಸವರುತ್ತದೆ. ಕಚ್ಚಿದರೆ, ಪರಚಿದರೂ ಸರಿ, ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ದು ಲಸಿಕೆ ಹಾಕಿಸಿ.

ಹೊರಡುವಾಗ ಧಾರವಾಡ ಪೇಡ ಕಟ್ಟಿಕೊಡುವ ಆಸೆಯಾಗುತ್ತದೆ. ಬೇಡ, ಹೊರಗಿನ ದೇಶಗಳ ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ತರುವುದಕ್ಕೆ ಯುರೋಪ್ ಒಕ್ಕೂಟದಲ್ಲಿ ನಿರ್ಬಂಧವಿದೆ. ಚನ್ನಪಟ್ಟಣದ ಗೊಂಬೆ, ಮೈಸೂರು ಸ್ಯಾಂಡಲ್ ಸೋಪು ಕೊಡಿ. ಎರಡಕ್ಕೂ ಸೂಟ್‌ಕೇಸಿನಲ್ಲಿ ಜಾಗ ಸಿಗುತ್ತದೆ.